‘ರಿಫ್ಲಕ್ಸ್ ಎಂದರೇನು?’ ಲೇಖನ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ಭಾಷೆ ತಿಳಿಯಾಗಿದೆ. ಆದರೆ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ‘ಹೊಟ್ಟೆಯಲ್ಲಿ ಆಮ್ಲ ಅತಿಯಾಗುವುದೇ ರಿಫ್ಲಕ್ಸ್’ ಎಂಬ ಮೊದಲ ಸಾಲೇ ತಪ್ಪು, ಮಿಕ್ಕಿದ್ದೆಲ್ಲ ಅದನ್ನೇ ನಂಬಿ ನಿಂತಿದೆ.

ರಿಫ್ಲಕ್ಸ್ ಅಂದರೆ ಹಿಮ್ಮುಖ ಹರಿವು. ಹೆಚ್ಚಿನವರಲ್ಲಿ ಆಮ್ಲ ಸಹಜ ಪ್ರಮಾಣದಲ್ಲೇ ಇರುತ್ತದೆ, ಹೋಗಬಾರದ ಕಡೆ, ಅಂದರೆ ಮೇಲೆ ಅನ್ನನಾಳಕ್ಕೆ ಹೋಗುತ್ತದೆ ಅಷ್ಟೆ. ಅನ್ನನಾಳದ ಬುಡದಲ್ಲಿ ಮೂರ್ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಸ್ನಾಯು ಇದೆ. ನುಂಗಿದಾಗ ತೆರೆದು ಮುಚ್ಚಿಕೊಳ್ಳುವ ಇದು, ಏನೂ ನುಂಗದಿರುವಾಗಲೂ ಆಗಾಗ ಹತ್ತಾರು ಸೆಕೆಂಡು ಸಡಿಲವಾಗುತ್ತದೆ. ಹೊಟ್ಟೆ ಬಿರಿಯ ಉಂಡ ಮೇಲಂತೂ ಜಾಸ್ತಿ. ಜಠರದ ಮೇಲ್ಭಾಗ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ರಂಧ್ರದಿಂದ ಎದೆಯೊಳಕ್ಕೆ ಸರಿದಿದ್ದರೆ ವಪೆಯ ಒತ್ತಾಸೆಯೂ ತಪ್ಪುತ್ತದೆ. ಜಠರದ ಒಳಗೋಡೆಗೆ ದಪ್ಪ ಲೋಳೆಯ ಕಾವಲಿದೆ, ಅನ್ನನಾಳಕ್ಕೆ ಅಷ್ಟಿಲ್ಲ. ಎದೆ ಉರಿಯುವುದು ಅದಕ್ಕೇ. ಇಲ್ಲಿ ಒಂದು ಚಿತ್ರ ಬೇಕೇ ಬೇಕು.

ಉಂಡ ಮೇಲೆ ಒಮ್ಮೊಮ್ಮೆ ಹೀಗಾಗುವುದು ಆರೋಗ್ಯವಂತರಲ್ಲೂ ಉಂಟು. ಪದೇ ಪದೇ ಕಾಡಿದರೆ, ಅನ್ನನಾಳಕ್ಕೆ ಗಾಯವಾದರೆ ಆಗ ರೋಗ. ‘ಗ್ಯಾಸ್ಟ್ರಿಕ್’, ಅಲ್ಸರ್, ರಿಫ್ಲಕ್ಸ್ ಮೂರನ್ನೂ ಒಂದೇ ಅರ್ಥದಲ್ಲಿ ಬಳಸಬೇಡಿ.

‘ಎದೆನೋವು ಬಂದರೆ ಸೋಡಾ ಕುಡಿಯಿರಿ’ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಹೃದಯಾಘಾತವೂ ಎದೆಯುರಿಯಂತೆ ಕಾಣಿಸಬಹುದು. ಎದೆ ಹಿಂಡಿ ಬೆವರಿದರೆ, ನೋವು ಕೈಗೋ ದವಡೆಗೋ ಹರಡಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇದು ಲೇಖನದ ಮೊದಲ ಭಾಗದಲ್ಲೇ ಬರಲಿ.

ಆಮ್ಲ ತಗ್ಗಿಸುವ ಔಷಧ ಪ್ಯಾಂಟೊಪ್ರಝೋಲ್ ತೆಗೆದುಕೊಳ್ಳಬೇಕಾದ್ದು ಊಟದ ನಂತರವಲ್ಲ, ತಿಂಡಿಗೆ 30ರಿಂದ 60 ನಿಮಿಷ ಮೊದಲು. ತಿಂಡಿ ಬಿದ್ದು ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ‘ಪಂಪು’ಗಳು ಚುರುಕಾಗುವ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಅದು ಆಮ್ಲವನ್ನು ತಗ್ಗಿಸುತ್ತದೆ, ಹರಿವನ್ನು ನಿಲ್ಲಿಸುವುದಿಲ್ಲ. ಉರಿ ಹೋದರೂ ಗಂಟಲಿಗೆ ನೀರು ಬರುತ್ತದೆಂದು ಕೆಲವರು ದೂರುವುದು ಇದರಿಂದ. ಮಲಗುವಾಗ ತಲೆಗೆ ‘ಎರಡು ದಿಂಬು’ ಎಂಬ ಸಲಹೆಯೂ ಬೇಡ: ಸೊಂಟ ಮಡಚಿ ಹೊಟ್ಟೆ ಅದುಮುತ್ತದೆ. ಮಂಚದ ತಲೆಕಡೆಯ ಕಾಲುಗಳಿಗೆ 15–20 ಸೆಂಟಿಮೀಟರ್ ಎತ್ತರದ ಗಟ್ಟಿ ಮರದ ತುಂಡು ಇಡಲಿ, ಎಡ ಮಗ್ಗುಲಿಗೆ ಮಲಗಲಿ, ರಾತ್ರಿಯೂಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರವಿರಲಿ.

ಮೂತ್ರಕೋಶದಿಂದ ಮೂತ್ರಪಿಂಡದ ಕಡೆಗಿನ ನಾಳಕ್ಕೆ ಮೂತ್ರ ಮರಳುವುದೂ ರಿಫ್ಲಕ್ಸೇ; ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಇದಕ್ಕೆ ತೀವ್ರತೆಗೆ ತಕ್ಕಂತೆ 1ರಿಂದ 5ರ ಶ್ರೇಣಿಯಿದೆ. ಒಂದು ಪ್ಯಾರಾ ಸಾಕು.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಕೆ, ರಕ್ತವಾಂತಿ, ಕಪ್ಪು ಮಲ ಇವಿದ್ದರೆ ಮನೆಮದ್ದು ಬಿಟ್ಟು ವೈದ್ಯರ ಬಳಿ ಹೋಗಬೇಕೆಂದು ಸೇರಿಸಿ, ಒಬ್ಬ ವೈದ್ಯರಿಗೆ ತೋರಿಸಿ ಮತ್ತೆ ಕಳಿಸಿ.