ಚಿತ್ರಕ್ಕೆ ಕಾಲು ಉಂಟಾ?

ಪ್ರಿಯ ಲೇಖಕರೆ,

ನಿಮ್ಮ ‘ಒಂದು ದೋಣಿ, ನೂರೆಂಟು ಕೈ’ ಲೇಖನವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1824ರಲ್ಲಿ ಬ್ರೈಟನ್ ಕಡಲತೀರದಲ್ಲಿ ಬರೆದ, ಮೀನುಗಾರರು ದೋಣಿಯನ್ನು ದಡಕ್ಕೆ ತರುವ ಆ ಪುಟ್ಟ ತೈಲಚಿತ್ರ ಯಾರು ಯಾರ ಬಳಿ ಇತ್ತು ಎಂಬುದನ್ನು ಹೇಳಹೊರಟಿದ್ದೀರಿ. ವಿಷಯ ಒಳ್ಳೆಯದು. ಹೆಂಡತಿ ಮರಿಯಾಳ ಆರೋಗ್ಯಕ್ಕಾಗಿ ಬ್ರೈಟನ್ನಿಗೆ ಹೋದ ಕಲಾವಿದನಿಗೆ ಆ ಊರಿನ ಶೋಕಿ ಹಿಡಿಸದೆ ದೋಣಿಗಳ ಕಡೆ ತಿರುಗಿದ್ದನ್ನು ಚೆನ್ನಾಗಿ ಬರೆದಿದ್ದೀರಿ. (ಮೊದಲ ಸಲ ಪೂರ್ತಿ ಹೆಸರು ಹಾಕಿ. ಬರೀ ಕಾನ್‌ಸ್ಟೆಬಲ್ ಎಂದರೆ ನಮ್ಮ ಓದುಗರಿಗೆ ಪೊಲೀಸ್ ಠಾಣೆ ನೆನಪಾಗುತ್ತದೆ.) ಹೊಗಳಿಕೆ ಇಷ್ಟೇ. ಇನ್ನು ಜಗಳ.

ಎರಡನೆಯ ಪುಟ: “1908ರಲ್ಲಿ ಚಿತ್ರವು ಪ್ಯಾರಿಸ್ಸಿನಿಂದ ಬುಡಾಪೆಸ್ಟ್‌ಗೆ ಪಯಣಿಸಿತು.” ಪಯಣಿಸಿತೆ? ಟಿಕೆಟ್ ತೆಗೆದುಕೊಂಡು ರೈಲು ಹತ್ತಿತೆ? ಶೆರಾಮಿ ಎಂಬ ಸಂಗ್ರಾಹಕರ ಚಿತ್ರಗಳು ಪ್ಯಾರಿಸ್ಸಿನಲ್ಲಿ ಹರಾಜಾದಾಗ ಹಂಗೇರಿಯ ಬ್ಯಾರನ್ ಫೆರೆಂಕ್ ಹತ್ವಾನಿ ಅದನ್ನು ದುಡ್ಡು ಕೊಟ್ಟು ಕೊಂಡರು. ಸಕ್ಕರೆ ಉದ್ಯಮದಿಂದ ಶ್ರೀಮಂತವಾದ ಯಹೂದಿ ಮೂಲದ ಮನೆತನ ಅವರದು. ಸ್ವತಃ ಅವರೂ ಚಿತ್ರ ಬರೆಯುತ್ತಿದ್ದವರು. ಇದೆಲ್ಲ ನಿಮ್ಮ ಅಡಿಟಿಪ್ಪಣಿಯಲ್ಲಿದೆ, ವಾಕ್ಯದಲ್ಲಿ ಇಲ್ಲ. ಮನೆಯ ಯಜಮಾನನನ್ನು ಹಿತ್ತಲಲ್ಲಿ ಕೂರಿಸಿ ಜಗಲಿಯಲ್ಲಿ ಚಿತ್ರವೊಂದನ್ನೇ ಓಡಾಡಿಸಿದ್ದೀರಿ.

ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದಕ್ಕೆ ಕಾರಣವಿದೆ. ಪತ್ರಿಕೆಗೆ ಸೇರುವ ಮೊದಲು ಒಂದು ವರ್ಷ ನಾನು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುತ್ತಿದ್ದ ಪತ್ರ ಬರಹಗಾರರೊಬ್ಬರ ಕೈಕೆಳಗಿದ್ದೆ. ಅಕ್ಷರ ದುಂಡಗಿದೆ ಎಂಬುದೊಂದೇ ನನ್ನ ಅರ್ಹತೆ. ಒಂದು ದಿನ ಆತುರದಲ್ಲಿ, ಕರಡು ತೋರಿಸದೆ ಸೀದಾ ಛಾಪಾ ಕಾಗದದ ಮೇಲೆಯೇ “ಸದರಿ ಜಾಗವು ತರುವಾಯ ಇವರ ಸ್ವಾಧೀನಕ್ಕೆ ಬಂತು” ಎಂದು ಬರೆದುಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿದರು. “ಬಂತಾ? ಹೇಗೆ ಬಂತು ಮಾರಾಯಾ? ಜಾಗಕ್ಕೆ ಕಾಲು ಉಂಟಾ?” ಕ್ರಯಕ್ಕೆ ಬಂತೋ, ದಾನವೋ, ಪಾಲಿನಲ್ಲಿ ಸಿಕ್ಕಿದ್ದೋ, ಅಪ್ಪ ತೀರಿಕೊಂಡ ಮೇಲೆ ಖಾತೆ ಬದಲಾದದ್ದೋ? ಅಷ್ಟನ್ನೂ ನನ್ನ ಬಾಯಿಂದ ಹೇಳಿಸಿ, ಹೊಸ ಕಾಗದ ತರಲು ಕಳಿಸಿದರು. ಹಾಳಾದ ಕಾಗದದ ದುಡ್ಡು ನನ್ನ ಸಂಬಳದಲ್ಲಿ ಮುರಿದುಹೋಯಿತು. ಆ ತಿಂಗಳು ಮಧ್ಯಾಹ್ನ ಬನ್ನು ತಿಂದೇ ಕಳೆದೆ. ಮುಂದೆ ಎಷ್ಟೋ ಸಂಪಾದಕರ ಕೆಳಗೆ ದುಡಿದೆ, ಯಾರೂ ಅಷ್ಟು ಚೆನ್ನಾಗಿ ವ್ಯಾಕರಣ ಕಲಿಸಲಿಲ್ಲ.

ನಿಮ್ಮ ಮುಂದಿನ ವಾಕ್ಯ: “ಯುದ್ಧದ ಬಿರುಗಾಳಿಯಲ್ಲಿ ಚಿತ್ರವು ಕಣ್ಮರೆಯಾಯಿತು.” ಜಾತ್ರೆಯಲ್ಲಿ ಮಗು ತಪ್ಪಿಸಿಕೊಂಡ ಹಾಗೆ! 1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೇರಿಗೆ ನುಗ್ಗಿತು. ಹತ್ವಾನಿ ತಮ್ಮ ಸಂಗ್ರಹವನ್ನು ಬುಡಾಪೆಸ್ಟ್‌ನ ಬ್ಯಾಂಕುಗಳ ಭದ್ರತಾ ಕೋಣೆಗಳಲ್ಲಿ ಇಟ್ಟಿದ್ದರು. 1945ರ ಫೆಬ್ರವರಿಯಲ್ಲಿ ನಗರ ಸೋವಿಯತ್ ಸೇನೆಯ ವಶವಾಯಿತು. ಈ ನಡುವೆ ಸಂಗ್ರಹ ಲೂಟಿಯಾಯಿತು. ಬಿರುಗಾಳಿ ಬ್ಯಾಂಕಿನ ಬೀಗ ಒಡೆಯುವುದಿಲ್ಲ. ಈ ಒಂದು ಚಿತ್ರವನ್ನು ಒಯ್ದ ಕೈ ಯಾವುದೆಂದು ನಿಮ್ಮ ದಾಖಲೆ ಹೇಳದಿದ್ದರೆ, ಹೇಳುವುದಿಲ್ಲ ಎಂದೇ ಬರೆಯಿರಿ. ಖಾಲಿ ಜಾಗವನ್ನು ಉಪಮೆಯಿಂದ ತುಂಬಬೇಡಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: “ಕಾಲಾಂತರದಲ್ಲಿ ಅದು ಲಂಡನ್ನಿನ ಟೇಟ್ ಸಂಗ್ರಹಾಲಯವನ್ನು ಸೇರಿತು.” ನಿಮ್ಮ ‘ಕಾಲಾಂತರ’ ನಲವತ್ತೊಂದು ವರ್ಷವನ್ನು ನುಂಗಿ ತೇಗಿದೆ. 1986ರಲ್ಲಿ ಅದನ್ನು ಟೇಟ್‌ಗೆ ಕೊಡುಗೆಯಾಗಿ ಕೊಟ್ಟವರು ಒಬ್ಬರಿದ್ದರು. ಪೂರ್ವಾಪರವನ್ನು ಸರಿಯಾಗಿ ವಿಚಾರಿಸದೆ ತೆಗೆದುಕೊಂಡವರೂ ಇದ್ದರು. ಲೂಟಿಯಾದ ಕಲಾಕೃತಿಗಳ ಬಗ್ಗೆ ಬ್ರಿಟಿಷ್ ಸರಕಾರಕ್ಕೆ ಸಲಹೆ ಕೊಡುವ ಸಮಿತಿ 2014ರಲ್ಲಿ ಟೇಟ್ ಅನ್ನು ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ. ಚಿತ್ರವನ್ನು ವಾರಸುದಾರರಿಗೆ ಹಿಂತಿರುಗಿಸಿ ಎಂದಿತು ಸಮಿತಿ. ನಾತ್ಸಿ ಕಾಲದಲ್ಲಿ ಕೈತಪ್ಪಿದ ಕಲಾಕೃತಿಗಳನ್ನು ಮರಳಿಸಲು ಅವಕಾಶ ಕೊಟ್ಟ 2009ರ ಬ್ರಿಟಿಷ್ ಕಾಯ್ದೆ ಬಾರದೇ ಇದ್ದಿದ್ದರೆ ಹಾಗೆ ಕೊಡುವ ಅಧಿಕಾರವೇ ಟೇಟ್‌ನ ಟ್ರಸ್ಟಿಗಳಿಗೆ ಇರುತ್ತಿರಲಿಲ್ಲ.

ಆಮೇಲೆ ಬಂತು ನೋಡಿ, ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಕಾಗದ. ಈ ಚಿತ್ರವನ್ನು ಹಂಗೇರಿಯಿಂದ ಹೊರಗೆ ಒಯ್ಯಲು 1946ರಲ್ಲಿ ಬುಡಾಪೆಸ್ಟ್‌ನ ಲಲಿತಕಲಾ ಸಂಗ್ರಹಾಲಯ ಕೊಟ್ಟ ಪರವಾನಗಿ. ಹತ್ವಾನಿ ತಮ್ಮ ಕೆಲವು ಚಿತ್ರಗಳನ್ನು ಯುದ್ಧದ ನಂತರ ಮರಳಿ ಪಡೆದಿದ್ದರು. ಹಾಗಾದರೆ ಇದೂ ಅವರ ಕೈಗೆ ಬಂದಿತ್ತೆ? ಅವರೇ ಮಾರಿದರೆ? ಟೇಟ್ ಕೇಳಿಕೊಂಡಿತು, ಸಮಿತಿ ಮತ್ತೆ ಕೂತಿತು, 2015ರಲ್ಲಿ ಮತ್ತೆ ಅದೇ ಮಾತು ಹೇಳಿತು: ಹಿಂತಿರುಗಿಸಿ. ನಿಮ್ಮ ಇಡೀ ಲೇಖನದ ಜೀವ ಈ ಒಂದು ಹಾಳೆಯಲ್ಲಿದೆ, ನೀವೋ ಬ್ರೈಟನ್ನಿನ ಅಲೆಗೆ ಒಂದೂವರೆ ಪುಟ ಕೊಟ್ಟಿದ್ದೀರಿ. ಪರವಾನಗಿಯಿಂದಲೇ ಶುರು ಮಾಡಿ. ಪಯಣಿಸಿತು, ಸೇರಿತು, ತಲುಪಿತು, ಕೈ ಬದಲಾಯಿತು ಇವಿಷ್ಟಕ್ಕೆ ಕೆಂಪು ಗೆರೆ ಎಳೆದಿದ್ದೇನೆ, ಎಣಿಸಿದರೆ ಹದಿನಾಲ್ಕು. ಒಂದೊಂದರ ಪಕ್ಕದಲ್ಲೂ ಕೊಟ್ಟವರ, ತೆಗೆದುಕೊಂಡವರ, ಕದ್ದವರ ಹೆಸರು ಹಾಕಲಾಗುತ್ತದೆಯೇ ನೋಡಿ.

“ದೋಣಿಯು ಕೊನೆಗೂ ತನ್ನ ದಡ ಸೇರಿತು” ಎಂಬ ಕೊನೆಯ ವಾಕ್ಯವನ್ನು ನಾನೇ ಹೊಡೆದುಹಾಕಿದ್ದೇನೆ. ಹತ್ವಾನಿ ಸತ್ತದ್ದು 1958ರಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ.

ಇಂತಿ,
ಸಂಪಾದಕ