ಪೆಟ್ಟು ಜತ್ತದಲ್ಲಿ, ದಾವೆ ಎಲ್ಲಿ?

ಗೆಳೆಯಾ,

ಹೆಂಡತಿಯ ಕೈ ಮುರಿಯುವಂತೆ ಹೊಡೆದವನ ಮೇಲೆ ನಷ್ಟಪರಿಹಾರದ ದಾವೆ ಹೂಡುವುದನ್ನು ಬಿಟ್ಟು ನಿಮ್ಮ ಗಡಿಯವರು ಇನ್ನೂ ಹಿರಿಯರನ್ನು ಕೂಡಿಸಿ ಮುಗಿಸುತ್ತೀರಲ್ಲ, ಕಾನೂನು ಅಲ್ಲಿಗೆ ತಲುಪಿಲ್ಲವೇ ಎಂದು ಕೇಳಿದ್ದೀಯ. ತಲುಪಿದೆ, ಎರಡು ರಾಜ್ಯಗಳ ಕಡೆಯಿಂದಲೂ ತಲುಪಿದೆ, ತೊಡಕು ಇರುವುದೇ ಅಲ್ಲಿ.

ಬೆಳಗಾವಿ ಜಿಲ್ಲೆಯ ಅಥಣಿಯ ಹೆಣ್ಣನ್ನು ಗಡಿಯಾಚೆ ಮಹಾರಾಷ್ಟ್ರದ ಜತ್ತಕ್ಕೆ, ಜತ್ತದ ಹೆಣ್ಣನ್ನು ಅಥಣಿಗೆ, ಅದೂ ಎಷ್ಟೋ ಸಲ ಸೋದರಮಾವನ ಮನೆಗೇ ಕೊಡುವುದು ನಮ್ಮ ಅಜ್ಜಿಯರ ಕಾಲದಿಂದ ನಡೆದು ಬಂದಿದೆ. 1956ರಲ್ಲಿ ಅಥಣಿ ಮೈಸೂರು ರಾಜ್ಯಕ್ಕೆ ಸೇರಿ ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿದಾಗ ಬೀಗತನವೇನೂ ವಿಂಗಡಣೆಯಾಗಲಿಲ್ಲ. ನಾನು ಕಲಿತದ್ದು ಜತ್ತದ ಕಡೆಯ ಕನ್ನಡ ಶಾಲೆಯಲ್ಲಿ, ವಕೀಲಿ ಮಾಡುವುದು ಅಥಣಿಯಲ್ಲಿ; ಆದರೂ ಬೆಂಗಳೂರಿಗೆ ಬಂದಾಗಲೆಲ್ಲ ನನ್ನ ಕನ್ನಡ ‘ಪರವಾಗಿಲ್ಲ’ ಎಂಬ ಪ್ರಶಸ್ತಿಪತ್ರ ಸಿಗುತ್ತದೆ.

ಈಗ ಗಂಡ ಹೊಡೆದದ್ದು ಜತ್ತದ ಮನೆಯಲ್ಲಿ, ಹೆಂಡತಿ ಬಂದು ನಿಂತದ್ದು ಅಥಣಿಯ ತವರಿನಲ್ಲಿ ಎಂದು ತಿಳಿದುಕೋ. ಕ್ರೌರ್ಯದ ಬಗೆಗಿನ ಕ್ರಿಮಿನಲ್ ದೂರನ್ನು ಆಕೆ ಆಶ್ರಯ ಪಡೆದ ಊರಿನಲ್ಲಿಯೂ ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 27ನೇ ಕಲಮಿನ ಪ್ರಕಾರ, ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಆದರೆ ನೀನು ಹೇಳುವ ದಾವೆ ಇದೆಯಲ್ಲ, ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ಎರಡೇ ಬಾಗಿಲು ತೆರೆದಿಟ್ಟಿದೆ: ಪೆಟ್ಟು ಬಿದ್ದ ಜಾಗದ ನ್ಯಾಯಾಲಯ, ಇಲ್ಲವೆ ಪ್ರತಿವಾದಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗದ ನ್ಯಾಯಾಲಯ. ಎರಡೂ ಜತ್ತದಲ್ಲಿಯೇ ಇವೆ. ಯಾವ ಊರಿನಿಂದ ಜೀವ ಉಳಿಸಿಕೊಂಡು ಓಡಿ ಬಂದಳೋ ಅದೇ ಊರಿಗೆ ತಾರೀಖಿನಿಂದ ತಾರೀಖಿಗೆ ಹೋಗಿ ಬರಬೇಕು, ಅದೇ ಬಸ್ ನಿಲ್ದಾಣದಲ್ಲಿ ಅತ್ತೆ ಮನೆಯವರ ಕಣ್ಣೆದುರಿಗೆ ಇಳಿಯಬೇಕು.

ಆದ್ದರಿಂದ ನಾವು ಹೆಚ್ಚಾಗಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 22ನೇ ಕಲಮನ್ನು ಹಿಡಿಯುತ್ತೇವೆ. ಮಾನಸಿಕ ಹಿಂಸೆ, ಯಾತನೆಗಳನ್ನೂ ಸೇರಿಸಿ ಗಾಯಗಳಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಹಾಗೆ ಪರಿಹಾರ ಪಡೆದರೂ ಪ್ರತ್ಯೇಕ ದಾವೆಯ ಹಕ್ಕು ಹೋಗುವುದಿಲ್ಲ. 12(2)ನೇ ಕಲಂ ಅದನ್ನು ಉಳಿಸಿದೆ, ಮುಂದೆ ದಾವೆಯಲ್ಲಿ ಡಿಕ್ರಿ, ಅಂದರೆ ಹಣ ಕೊಡಬೇಕೆಂಬ ತೀರ್ಪು, ಆದರೆ ಮ್ಯಾಜಿಸ್ಟ್ರೇಟರ ಆದೇಶದ ಹಣವನ್ನು ಅದರಲ್ಲಿ ಕಳೆದು ಉಳಿದದ್ದನ್ನು ವಸೂಲು ಮಾಡಬಹುದು. ಓದುವುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಇಲ್ಲ.

ನಮ್ಮನ್ನು ಹಣ್ಣು ಮಾಡುವುದು ಸಾಕ್ಷ್ಯ. ಗಾಯದ ಪ್ರಮಾಣಪತ್ರ ಆಚೆಯ ಸರಕಾರಿ ಆಸ್ಪತ್ರೆಯದು, ಅರ್ಧ ಮರಾಠಿ, ಅರ್ಧ ಇಂಗ್ಲಿಷು, ಪೂರ್ತಿ ವೈದ್ಯರ ಕೈಬರಹ. ಮುಂಗೈ ಎಲುಬು ಮುರಿದದ್ದು ಅದರಲ್ಲಿ ಸರಿಯಾಗಿಯೇ ಇರುತ್ತದೆ. ಗಾಯ ಹೇಗಾಯಿತು ಎಂಬ ಸಾಲಿನಲ್ಲಿ ಮಾತ್ರ ‘ಮೆಟ್ಟಿಲಿನಿಂದ ಬಿದ್ದು’ ಎಂದಿರುತ್ತದೆ, ಏಕೆಂದರೆ ಅದನ್ನು ಬರೆಸುವಾಗ ಹೊಡೆದವನೇ ಪಕ್ಕದಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಂತಿರುತ್ತಾನೆ. ಆ ಒಂದು ಸಾಲನ್ನು ಅಳಿಸಲು ವೈದ್ಯರನ್ನು ರಾಜ್ಯ ದಾಟಿಸಿ ಕರೆಸಬೇಕು, ಕಾಗದವನ್ನು ಕನ್ನಡಕ್ಕೆ ತರಿಸಬೇಕು, ಅಷ್ಟರಲ್ಲಿ ಅವರಿಗೆ ವರ್ಗವಾಗಿರುತ್ತದೆ. ಸಿವಿಲ್ ದಾವೆಯಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ, ಸಂಭವನೀಯತೆ ನಮ್ಮ ಕಡೆ ವಾಲಿದರೆ ಸಾಕು ಎಂದು ನೀನು ಹೇಳುತ್ತೀಯ. ಒಪ್ಪಿದೆ. ಆದರೆ ವಾಲಿಸುವುದಕ್ಕೂ ಏನಾದರೂ ಬೇಕು. ಪೆಟ್ಟಿನ ಸದ್ದು ಕೇಳಿದ ನೆರೆಯವರು ಗಂಡನ ಮನೆಗೂ ಬಳಗ, ತವರಿಗೂ ಬಳಗ, ಹಾಗಾಗಿ ಅವರ ಕಿವಿ ಎರಡೂ ಕಡೆ ಕೇಳಿಸುವುದಿಲ್ಲ. ಕೈ ಕೂಡುವವರೆಗೆ ಹೊಲಿಗೆ ಯಂತ್ರ ನಿಂತು ಹೋದ ಗಳಿಕೆಗೆ ಯಾರೂ ರಸೀದಿ ಬರೆದಿಟ್ಟಿರುವುದಿಲ್ಲ.

ಇಷ್ಟಾಗಿಯೂ ಗೆದ್ದೆವು ಎನ್ನೋಣ. ಡಿಕ್ರಿಯನ್ನು ಅವನ ಆಸ್ತಿ ಇರುವ ನ್ಯಾಯಾಲಯದಲ್ಲಿ ಜಾರಿ ಮಾಡಿಸಬೇಕು. ಅಲ್ಲಿ ಹೊಲ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ರೈತ ವಾಸಿಸುವ ಮನೆಯನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬಿಡುವುದಿಲ್ಲ. ಅವನ ಹೆಸರಿಗೆಂದು ಸಿಗುವುದು ಒಂದು ಮೋಟಾರ್ ಸೈಕಲ್ಲು, ಅದಕ್ಕೂ ಸಾಲ.

ಹಿರಿಯರ ಮುಂದೆ ಕೂಡುವ ಹೆಣ್ಣುಮಗಳು ಇದನ್ನೆಲ್ಲ ತಿಳಿಯದವಳಲ್ಲ, ಲೆಕ್ಕ ಹಾಕಿಯೇ ಕೂಡುತ್ತಾಳೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಹೆಣ್ಣಿಗೆ ಉಚಿತ ವಕೀಲರು ಸಿಗುತ್ತಾರೆಂಬುದೂ ಅವಳಿಗೆ ಗೊತ್ತು. ವಕೀಲರು ಸಿಕ್ಕರೂ ಮುಂದಿನ ವರ್ಷಗಳನ್ನು ಉಚಿತವಾಗಿ ಕೊಡುವವರಿಲ್ಲವೆಂಬುದೂ ಗೊತ್ತು. ಹಿರಿಯರನ್ನು ನಾನು ಹೊಗಳುತ್ತಿಲ್ಲ. ಅವರ ತೀರ್ಮಾನದಲ್ಲಿ ಅವಳ ಮುರಿದ ಕೈಗಿಂತ ಬಳಗದ ಮರ್ಯಾದೆಗೇ ತೂಕ ಹೆಚ್ಚು, ಅದರ ಮೇಲೆ ನನಗೂ ಅವರಿಗೂ ಎಷ್ಟೋ ಸಲ ಜಗಳವಾಗಿದೆ. ಆದರೂ ಕರೆದಾಗ ಹೋಗುತ್ತೇನೆ. ಅವರು ಬರೆಸುವ ಕಾಗದದ ಕೊನೆಗೆ ‘ಇನ್ನು ಮುಂದೆ ನನ್ನ ಯಾವ ತಕರಾರೂ ಇಲ್ಲ’ ಎಂಬ ಸಾಲು ತಪ್ಪದೆ ಇರುತ್ತದೆ. ಅದನ್ನು ಹೊಡೆದುಹಾಕಿ, ಕೊಟ್ಟ ಹಣ ಆಸ್ಪತ್ರೆಯ ಖರ್ಚಿಗೆ ಮಾತ್ರ, ದಾವೆಯ ಹಕ್ಕು ಅವಳಿಗೆ ಉಳಿದಿದೆ ಎಂದು ಬರೆಸಿದ ಮೇಲೆಯೇ ಅವಳಿಗೆ ಪೆನ್ನು ಕೊಡುತ್ತೇನೆ. ಅದನ್ನು ಕನ್ನಡದಲ್ಲಿ ಒಂದು ಪ್ರತಿ, ಮರಾಠಿಯಲ್ಲಿ ಒಂದು ಪ್ರತಿ ಮಾಡಿಸುತ್ತೇವೆ, ಯಾವ ಕಡೆಯ ನ್ಯಾಯಾಲಯ ಕೇಳೀತೋ ಯಾರು ಬಲ್ಲರು.