ಲ್ಯಾಬ್ರಡಾರ್ ಮರಿ ಮನೆ ನಾಯಿಯೂ ಆಗಿ, ಬಾತುಕೋಳಿ ಬೇಟೆಗೂ ಆಗುತ್ತಾ?

ನಿಮ್ಮ ಪ್ರಶ್ನೆಯಲ್ಲಿ ಮಕ್ಕಳ ವಯಸ್ಸೊಂದು ಬಿಟ್ಟರೆ ಮಿಕ್ಕಿದ್ದೆಲ್ಲ 2018ರ ನಾನೇ. ಅಮೆರಿಕದ ಮಿನ್ನೆಸೋಟಾ, 9 ವಾರದ ಲ್ಯಾಬ್ ಮರಿ, ಬಾತುಕೋಳಿ ಶಿಕಾರಿಯ ಹುಚ್ಚು ಹಿಡಿಸಿದ ಆಫೀಸಿನ ಗೆಳೆಯ, 'ಮಕ್ಕಳ ಜೊತೆ ಬಿಟ್ಟರೆ ಬೇಟೆ ನಾಯಿ ಕೆಡುತ್ತೆ, ಹೊರಗೆ ಗೂಡು ಮಾಡಿ ಇಡಿ' ಅಂತ ಹೆದರಿಸುವ ಜನ. ಮನೆ ನಾಯಿ, ಬೇಟೆ ನಾಯಿ, ಎರಡರಲ್ಲಿ ಒಂದನ್ನು ಆರಿಸಬೇಕಾ ಅಂತ ಕೇಳಿದ್ದೀರಿ. ಬೇಡ. ನಮ್ಮ ನಾಯಿಯೂ ಕೆಟ್ಟಿತ್ತು. ಆದರೆ ಕೆಡಿಸಿದವರು ಮಕ್ಕಳಲ್ಲ, ನಾನು.

ಅವನ ಹೆಸರು ಬೆಲ್ಲ. ಮೈಬಣ್ಣ ನೋಡಿ ಮಗಳು ಇಟ್ಟದ್ದು. ಇಲ್ಲಿನವರ ಕಿವಿಗೆ ಅದು ಹೆಣ್ಣಿನ ಹೆಸರು 'ಬೆಲ್ಲಾ'. ಏಳು ವರ್ಷದಿಂದ ಪಾರ್ಕಿನಲ್ಲಿ ಎಲ್ಲರೂ ಅವನನ್ನು ಹುಡುಗಿ ಅಂತಲೇ ಮಾತಾಡಿಸುತ್ತಾರೆ. ತಿದ್ದುವುದು ಬಿಟ್ಟಿದ್ದೇನೆ.

ಮೊದಲ ಮೂರು ತಿಂಗಳು ಎಲ್ಲ ಚೆನ್ನಾಗಿಯೇ ಹೋಯಿತು. ಪಕ್ಕದ ಮನೆಯ ಅಜ್ಜ ನಲವತ್ತು ವರ್ಷದಿಂದ ಲ್ಯಾಬ್ ಸಾಕಿದವರು. ಅವರು ಕಲಿಸಿದ್ದು ಇಷ್ಟೇ. ಮನೆಯ ಪ್ಯಾಸೇಜಿನ ಬಾಗಿಲುಗಳನ್ನೆಲ್ಲ ಮುಚ್ಚಿ. ಒಂದು ತುದಿಯಲ್ಲಿ ನೆಲದ ಮೇಲೆ ಕೂತು, ಉಂಡೆ ಸುತ್ತಿದ ಕಾಲುಚೀಲ ಎಸೆಯಿರಿ. ಮರಿ ಓಡಿ ಕಚ್ಚಿಕೊಳ್ಳುತ್ತೆ. ಆಮೇಲೆ ಅದಕ್ಕೆ ಬೇರೆ ದಾರಿ ಇಲ್ಲ, ನಿಮ್ಮ ಮಡಿಲಿಗೇ ಬರಬೇಕು. ಬಂದ ತಕ್ಷಣ ಬಾಯಿಂದ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಮುಂದಿನ ಸಲ ದೂರದಲ್ಲೇ ನಿಂತು ಆಟ ಆಡಿಸುತ್ತೆ. ಮೊದಲು ಎದೆ ಸವರಿ, ಹೊಗಳಿ, ಅದು ಕಚ್ಚಿಕೊಂಡೇ ಬಾಲ ಆಡಿಸಲಿ. ಆಮೇಲೆ ನಿಧಾನವಾಗಿ ತಗೊಳ್ಳಿ. ದಿನಕ್ಕೆ ನಾಲ್ಕೈದು ಸಲ ಸಾಕು. 'ಇನ್ನೊಂದು ಸಲ' ಅಂತ ಮರಿ ಕುಣಿಯುತ್ತಿರುವಾಗಲೇ ನಿಲ್ಲಿಸಿ. ಕಾಲುಚೀಲದಿಂದ ಚಿಕ್ಕ ಕ್ಯಾನ್ವಾಸ್ ಡಮ್ಮಿಗೆ (ಹೊಡೆದುಬಿದ್ದ ಹಕ್ಕಿಯನ್ನು ತರುವುದು ಕಲಿಸಲು ಅದರ ಬದಲು ಎಸೆಯುವ ದಿಂಡು) ಹೋದೆವು, ಪ್ಯಾಸೇಜಿನಿಂದ ಹಿತ್ತಿಲಿಗೆ ಹೋದೆವು, ಕುತ್ತಿಗೆಗೆ ಉದ್ದದ ಹಗ್ಗ ಕಟ್ಟಿ.

ಈ ಎಸೆಯುವ ಕೆಲಸವೆಲ್ಲ ಮಕ್ಕಳದ್ದೇ. ಮಗ ಎಸೆಯುತ್ತಿದ್ದ, ಮಗಳು ಲೆಕ್ಕ ಇಡುತ್ತಿದ್ದಳು. ಒಂದೇ ಕಟ್ಟಪ್ಪಣೆ ಇತ್ತು: ಡಮ್ಮಿ ಹಿಡಿದು ನಾಯಿ ಜೊತೆ ಎಳೆದಾಡುವ ಹಾಗಿಲ್ಲ, ಆಟ ಮುಗಿದ ಮೇಲೆ ಡಮ್ಮಿ ಕಪಾಟಿಗೆ. ನಮ್ಮ ಮನೆಯಲ್ಲಿ ಭಾಷೆಯದ್ದೂ ಒಂದು ಗೋಳು. ನಾನು 'ಬಾ' ಅಂದರೆ ಮಕ್ಕಳು 'ಕಮ್', ಹೆಂಡತಿ 'ಬೆಲ್ಲೂ ಬಾರೋ ರಾಜ'. ಕೊನೆಗೆ ಸೀಟಿ ತಂದೆವು. ಉದ್ದಕ್ಕೆ ಒಂದು ಊದಿದರೆ ಕೂರಬೇಕು, ಚಿಕ್ಕದಾಗಿ ಮೂರು ಊದಿದರೆ ಬರಬೇಕು. ನಾಲ್ಕೂವರೆ ತಿಂಗಳಿಗೆ ಹಿತ್ತಿಲ ತುದಿಯಿಂದ ಬಾಣದ ಹಾಗೆ ಬರುತ್ತಿದ್ದ. ಅಜ್ಜ ಬೇಲಿ ಆಚೆಯಿಂದ ನೋಡಿ ತಲೆದೂಗಿದರು. ನನಗೆ ಕೊಂಬು ಬಂತು.

ಇಲ್ಲಿಂದ ಶುರು ನನ್ನ ದಡ್ಡತನ. ನನ್ನದು ತೀರ್ಥಹಳ್ಳಿ ಕಡೆ. ಅಲ್ಲಿ ನನ್ನ ಅಜ್ಜನ ಮನೆ ಜಗಲಿಯಲ್ಲಿ ಒಂದು ಹಳೇ ಕೇಪಿನ ಕೋವಿ ನೇತಾಡುತ್ತಿತ್ತು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ನಮ್ಮ ಮನೆಯಲ್ಲಿ ಶಿಕಾರಿ ನಿಂತು ಕಥೆ ಮಾತ್ರ ಉಳಿದಿತ್ತು. ಕಥೆಯಲ್ಲಿ ಯಾವಾಗಲೂ ಕರಿಯ ಅಂತ ಒಂದು ಕಂತ್ರಿ ನಾಯಿ. ಈಡಿನ ಶಬ್ದ ಕೇಳಿದರೆ ಸಾಕು, ಕೊಟ್ಟಿಗೆಯಲ್ಲಿ ಮಲಗಿದ್ದವನು ಎದ್ದು ಗುಡ್ಡ ಹತ್ತುತ್ತಿದ್ದನಂತೆ. ಇದನ್ನು ಕೇಳಿ ಬೆಳೆದ ನನಗೆ, ಗಟ್ಟಿ ನಾಯಿಗೆ ಈಡಿನ ಹೆದರಿಕೆ ಇರಲ್ಲ, ನಾಲ್ಕು ಸಲ ಕೇಳಿಸಿದರೆ ತಾನೇ ಒಗ್ಗುತ್ತೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಜೂನ್ ತಿಂಗಳ ಒಂದು ಶನಿವಾರ. ಬೆಲ್ಲನಿಗೆ ಐದು ತಿಂಗಳು. ಊರಾಚೆ ಒಂದು ಶೂಟಿಂಗ್ ರೇಂಜ್ ಇದೆ, ಕ್ಲೇ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಹೊಡೆಯುತ್ತಾರೆ. ಪಕ್ಕದ ಮನೆಯ ಅಜ್ಜನನ್ನು ಒಂದು ಮಾತು ಕೇಳಲಿಲ್ಲ. ನಾಯಿಯನ್ನು ಕಾರಿಗೆ ಹಾಕಿಕೊಂಡು ಹೋಗಿ, ಹೊಡೆಯುವವರ ಹಿಂದೆ ಮೂವತ್ತು ಮಾರು ದೂರದಲ್ಲಿ ನಿಂತೆ. ಐದು ಜನ, ಐದು 12 ಬೋರ್ ಕೋವಿ. ಮೊದಲ ಈಡಿಗೆ ಬೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿದ. ಎರಡನೆಯದಕ್ಕೆ ಹಗ್ಗ ಎಳೆದುಕೊಂಡು ಕಾರಿನ ಕಡೆ ತಿರುಗಿದ. ನಾನು ಬಿಡಲಿಲ್ಲ. ಜೇಬಿನಿಂದ ಸಾಸೇಜ್ ತುಂಡು ತೆಗೆದು ಮೂಗಿನ ಹತ್ತಿರ ಹಿಡಿದೆ. ಮೂಸಲೂ ಇಲ್ಲ. ಲ್ಯಾಬ್ ಮರಿ ತಿನ್ನುವುದಕ್ಕೆ ಬೇಡ ಅಂದದ್ದನ್ನು ನೀವು ನೋಡಿದ್ದೀರಾ? ಬಾಯಿ ಬಿಗಿಯಾಗಿ ಮುಚ್ಚಿತ್ತು, ಕಿವಿ ತಲೆಗೆ ಅಂಟಿತ್ತು, ಹಿಂಗಾಲು ನಡುಗುತ್ತಿತ್ತು. ಅಲ್ಲೇ ಎತ್ತಿಕೊಂಡು ಓಡಬೇಕಿತ್ತು. 'ಒಗ್ಗಲಿ' ಅಂತ ಇಪ್ಪತ್ತು ನಿಮಿಷ ನಿಂತೆ. ಕಾರಿನ ಸೀಟಿನ ಮೇಲೆ ಉಚ್ಚೆ ಹೊಯ್ದುಕೊಂಡ. ಮನೆಗೆ ಬಂದವನು ಬೇಸ್‌ಮೆಂಟಿಗೆ ಇಳಿದು ವಾಷಿಂಗ್ ಮೆಷಿನ್ ಹಿಂದೆ ಸೇರಿದ.

ಆ ಇಪ್ಪತ್ತು ನಿಮಿಷದಲ್ಲಿ ಎಷ್ಟು ತಪ್ಪಿತ್ತು ಅಂತ ಈಗಲೂ ಎಣಿಸುತ್ತೇನೆ. ಅವನು ಅಲ್ಲಿಯವರೆಗೆ ಒಂದು ಹಕ್ಕಿಯ ರೆಕ್ಕೆಯನ್ನೂ ಮೂಸಿರಲಿಲ್ಲ. ಅಂದರೆ ಆ ಸದ್ದಿಗೆ ಅವನ ಲೋಕದಲ್ಲಿ ಅರ್ಥವೇ ಇರಲಿಲ್ಲ, ಬರೀ ಭಯ ಇತ್ತು. ಕುತ್ತಿಗೆಯಲ್ಲಿ ಹಗ್ಗ ಬೇರೆ, ಓಡಿಹೋಗುವ ದಾರಿಯನ್ನೂ ನಾನೇ ಮುಚ್ಚಿದ್ದೆ. ಸದ್ದು ಯಾವಾಗ ಬರುತ್ತೆ, ಎಲ್ಲಿಂದ ಬರುತ್ತೆ, ಎಷ್ಟು ಬರುತ್ತೆ, ಯಾವುದೂ ಗೊತ್ತಾಗುವ ಹಾಗಿರಲಿಲ್ಲ. ಓಡುತ್ತಿರುವ ನಾಯಿಗೆ ಹಿಂದೆ ಆದ ಸದ್ದು ಅರ್ಧ ಕೇಳಿಸಲ್ಲ. ಸುಮ್ನೆ ಕೂರಿಸಿದ ನಾಯಿಗೆ ಅದೇ ಸದ್ದು ಇಡೀ ಮೈಗೆ ಕೇಳಿಸುತ್ತೆ. ಎಲ್ಲಕ್ಕಿಂತ ಜಾಸ್ತಿ, ಹೆದರಿದಾಗ ಅವನು ನನ್ನ ಮುಖ ನೋಡಿದ. ನಾನು ಅಲ್ಲಿಂದ ಕದಲಲಿಲ್ಲ. ಇಲ್ಲಿನ ಬೇಟೆಯವರು ಈಡಿಗೆ ಹೆದರುವ ನಾಯಿಯನ್ನು 'ಗನ್‌ಶೈ' ಅನ್ನುತ್ತಾರೆ. ಗನ್‌ಶೈ ನಾಯಿ ಹುಟ್ಟುವುದು ಕಡಿಮೆ, ಮಾಲೀಕ ಮಾಡುವುದೇ ಜಾಸ್ತಿ ಅಂತಲೂ ಅನ್ನುತ್ತಾರೆ.

ಎರಡು ವಾರಕ್ಕೆ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಬಂತು. ಬೀದಿ ತುಂಬ ಪಟಾಕಿ. ಅದರ ಬಗ್ಗೆ ಬರೆಯಲ್ಲ. ಆಮೇಲೆ ಕುಕ್ಕರ್ ಕೂಗಿದರೂ ಬೆಲ್ಲ ವಾಷಿಂಗ್ ಮೆಷಿನ್ ಹಿಂದೆ ಓಡುತ್ತಿದ್ದ. ಕನ್ನಡದವರ ಮನೆಯಲ್ಲಿ ದಿನಕ್ಕೆ ಎರಡು ಸಲ ಕುಕ್ಕರ್ ಕೂಗದೆ ಇರುತ್ತಾ?

ಅವನನ್ನು ಸರಿ ಮಾಡಿದ್ದು ಅಮ್ಮ. ಅದೇ ತಿಂಗಳು ಊರಿಂದ ಬಂದಿದ್ದರು. ನಾಯಿ ಅಡಗುವುದನ್ನು ಮೂರು ದಿನ ನೋಡಿದರು. ನಾಲ್ಕನೇ ದಿನ ಕುಕ್ಕರ್ ಇಡುವ ಮೊದಲು ಮೊಮ್ಮಗನನ್ನೂ ನಾಯಿಯನ್ನೂ ಹಿತ್ತಿಲಿಗೆ ಕಳಿಸಿ ಬಾಗಿಲು ಹಾಕಿದರು. ಮಗನ ಕೈಯಲ್ಲಿ ಒಂದು ಬಟ್ಟಲು ಮೊಸರನ್ನ. ಕುಕ್ಕರ್ ಒಳಗೆ ಕೂಗಿದಾಗ, ಹೊರಗೆ ಸಣ್ಣಗೆ ಕೇಳಿಸಿದಾಗ, ಒಂದು ತುತ್ತು. ಇನ್ನೊಂದು ಕೂಗು, ಇನ್ನೊಂದು ತುತ್ತು. ಹತ್ತು ದಿನಕ್ಕೆ ಬಾಗಿಲು ಅರ್ಧ ತೆರೆದರು. ಅವನು ಹಿಂಜರಿದ ದಿನ ಮತ್ತೆ ಮುಚ್ಚಿದರು. ಸೆಪ್ಟೆಂಬರ್ ಹೊತ್ತಿಗೆ ಕುಕ್ಕರ್ ಇನ್ನೂ ಉಸ್ ಅನ್ನುವಾಗಲೇ ಬೆಲ್ಲ ಅಡುಗೆಮನೆ ಹೊಸ್ತಿಲಲ್ಲಿ ಬಂದು ಕೂತು ಜೊಲ್ಲು ಸುರಿಸುತ್ತಿದ್ದ.

ಅಮ್ಮನಿಗೆ ಕರಿಯನ ವಿಷಯ ಕೇಳಿದೆ. 'ಅಯ್ಯೋ, ಅದಕ್ಕೆ ಈಡು ಅಂದ್ರೆ ಊಟದ ಗಂಟೆ ಕಣೋ' ಅಂದರು. 'ಶಬ್ದ ಆದಮೇಲೆ ಕರುಳು ಕಾಲು ಸಿಗ್ತಿತ್ತು. ಸುಮ್ನೆ ಓಡ್ತಿತ್ತಾ?' ಅಷ್ಟು ವರ್ಷ ಕೇಳಿದ ಕಥೆಯಲ್ಲಿ ಈ ಭಾಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪಕ್ಕದ ಮನೆಯ ಅಜ್ಜ ಹೇಳಿದ್ದೂ ಇದನ್ನೇ. ಮೊದಲು ಹಕ್ಕಿ, ಆಮೇಲೆ ಸದ್ದು. ಚಳಿಗಾಲ ಪೂರ್ತಿ ಒಂದೂ ಈಡಿಲ್ಲ. ಅಜ್ಜ ತಮ್ಮ ಫ್ರೀಜರಿನಲ್ಲಿಟ್ಟ ಬಾತಿನ ರೆಕ್ಕೆಯನ್ನು ಡಮ್ಮಿಗೆ ಕಟ್ಟಿ ಎಸೆದೆವು. ವಸಂತದಲ್ಲಿ ಅಜ್ಜ ತಂದ ಪಾರಿವಾಳ. ನಾಯಿಗೆ ಹಕ್ಕಿ ಅಂದರೆ ಹುಚ್ಚು ಹಿಡಿಯಬೇಕು, ಬೇರೇನೂ ಕಿವಿಗೆ ಬೀಳದಷ್ಟು. ಆಮೇಲೆ ಮಗಳು ನೂರೈವತ್ತು ಮಾರು ದೂರದಲ್ಲಿ ನಿಂತು ಡಮ್ಮಿ ಎಸೆಯುತ್ತಿದ್ದಳು. ಬೆಲ್ಲ ಅದರ ಕಡೆ ಪೂರ್ತಿ ವೇಗದಲ್ಲಿ ಓಡುತ್ತಿರುವಾಗ, ಅವಳಿಗಿಂತಲೂ ಆಚೆ ನಿಂತ ಅಜ್ಜ ಆಟದ ಪಿಸ್ತೂಲಿನ ಒಂದು ಕೇಪು ಹೊಡೆಯುತ್ತಿದ್ದರು. ಒಂದೇ. ಕಿವಿ ಅಲುಗಿದರೆ ಅವತ್ತಿಗೆ ಮುಗಿಯಿತು, ನಾಳೆ ಇನ್ನೂ ದೂರದಿಂದ. ಅಲುಗದಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ. ಕೇಪಿನಿಂದ, ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ತೋಟೆಯ ಸಣ್ಣ ಪಿಸ್ತೂಲು, ಅದರಿಂದ 12ಕ್ಕಿಂತ ಸಣ್ಣದಾದ 20 ಬೋರ್ ಕೋವಿ, ಪ್ರತಿಸಲವೂ ಮೊದಲಿನ ದೂರಕ್ಕೆ ವಾಪಸ್ ಹೋಗಿ ಶುರು. ಎಸೆತ ಇಲ್ಲದೆ ಒಂದು ಸದ್ದೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಮಾಡಿದ್ದನ್ನು ಅಳಿಸುವುದಕ್ಕೆ ಹದಿನೈದು ತಿಂಗಳು ಬೇಕಾಯಿತು. ಪೂರ್ತಿ ಅಳಿಸಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2019ರ ಅಕ್ಟೋಬರಿನಲ್ಲಿ ಜೊಂಡಿನ ನಡುವೆ ಕೂತು ಅಜ್ಜ ಒಂದು ಈಡು ಹೊಡೆದರು, ಟೀಲ್ ಅನ್ನುವ ಸಣ್ಣ ಜಾತಿಯ ಬಾತೊಂದು ನೀರಿಗೆ ಬಿತ್ತು. ಬೆಲ್ಲ ಒಂದು ಸಲ ನನ್ನ ಕಡೆ ನೋಡಿ ಧುಮುಕಿದ. ತಂದು ಕೈಗೆ ಕೊಟ್ಟಾಗ ಹಕ್ಕಿಯ ಒಂದು ಗರಿಯೂ ಮುರಿದಿರಲಿಲ್ಲ. ಅರ್ಧ ಗಂಟೆಯ ಮೇಲೆ ಪಕ್ಕದ ಗುಂಪಿನವರು ಮೂರು ಕೋವಿ ಒಟ್ಟಿಗೆ ಹಾರಿಸಿದರು. ಎದ್ದು, ಯಾರನ್ನೂ ನೋಡದೆ, ಕಾರಿನ ಹತ್ತಿರ ಹೋಗಿ ಕೂತ. ಈಗಲೂ ಹಾಗೇ. ಒಂದು ಕೋವಿ ಇದ್ದರೆ ಕೆಲಸ, ಎರಡಾದರೆ ಮನೆಗೆ.

ಈಗ ನಿಮ್ಮ ಪ್ರಶ್ನೆಗೆ. ಮನೆ ನಾಯಿಯೋ ಬೇಟೆ ನಾಯಿಯೋ ಅನ್ನುವ ಪ್ರಶ್ನೆಯೇ ತಪ್ಪು. ಇಲ್ಲಿ ಬಾತುಕೋಳಿ ಸೀಸನ್ 60 ದಿನ. ಕೆಲಸ, ಮಕ್ಕಳ ಸಾಕರ್, ಕನ್ನಡ ಸಂಘ ಎಲ್ಲ ಕಳೆದು ನೀವು ಹೋಗುವುದು ಐದಾರು ದಿನ. ಮಿಕ್ಕ 359 ದಿನ ಅದು ನಿಮ್ಮ ಸೋಫಾ ಪಕ್ಕದಲ್ಲೇ ಇರುತ್ತೆ. ಕರೆದರೆ ಬರುವುದು, ಹೇಳಿದರೆ ಕೂರುವುದು, ಕಚ್ಚಿಕೊಂಡದ್ದನ್ನು ಬಿಡುವುದು, ಎರಡು ಕೆಲಸಕ್ಕೂ ಬೇಕಾದದ್ದು ಇವೇ. ಹೊರಗಿನ ಗೂಡಿನ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಟ್ರೈನರ್ ಹತ್ತಿರ ಮೂರು ತಿಂಗಳು ಬಿಡಲಾ ಅಂತಲೂ ಕೇಳಿದ್ದೀರಿ. ಈ ವಯಸ್ಸಿನ ಮರಿಯನ್ನು ಬಿಡಲೇಬೇಡಿ. ವರ್ಷ ತುಂಬಿದ ಮೇಲೆ ಬೇಕೆನಿಸಿದರೆ ನೋಡಿ. ಶಾಕ್ ಕೊಡುವ ಪಟ್ಟಿಯನ್ನು ಮರಿಗೆ ಹಾಕಬೇಕೆನ್ನುವ ಟ್ರೈನರ್ ಸಿಕ್ಕರೆ ಬಾಗಿಲಿಂದಲೇ ವಾಪಸ್ ಬನ್ನಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಇನ್ನೂ ಒಂದು ಸಲವೂ ಶಿಕಾರಿಗೆ ಹೋಗಿಲ್ಲ ಅಂತ ಬರೆದಿದ್ದೀರಿ. ಮೊದಲು ಈ ಸೀಸನ್ನಿನಲ್ಲಿ ನಾಯಿ ಇಲ್ಲದೆ, ಕೋವಿ ಇಲ್ಲದೆ, ಗೆಳೆಯನ ಜೊತೆ ಹೋಗಿ ಬನ್ನಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತೊಡೆಮಟ್ಟ ಕೆಸರಲ್ಲಿ ನಿಂತು, ಹಕ್ಕಿ ಬೀಳುವುದನ್ನು ಹತ್ತಿರದಿಂದ ನೋಡಿ. ಆಮೇಲೂ ಆಸೆ ಉಳಿದಿದ್ದರೆ ಕೋವಿಯ ಮಾತು. ಹೆಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಸುಮ್ನೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಬಾತಿಗೆ ಅದರ ಮೇಲೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ (ಕೇಂದ್ರ ಸರ್ಕಾರದ ಬಾತು ಬೇಟೆಯ ಪರವಾನಗಿ ಚೀಟಿ) ಬೇಕು, ಸೀಸದ ಚರೆ ನಿಷೇಧ. ನಾನಂತೂ ಇವತ್ತಿನವರೆಗೆ ಕೋವಿ ಮುಟ್ಟಿಲ್ಲ. ನನ್ನ ನಾಯಿ ಬೇಟೆಗೆ ಹೋಗುತ್ತೆ, ನಾನು ಅದರ ಡ್ರೈವರ್. ಸಿಕ್ಕ ಬಾತು ಪಕ್ಕದ ಅಜ್ಜನ ಮನೆಗೆ. ಹೆಂಡತಿ ಮಾಂಸ ಮುಟ್ಟುವುದಿಲ್ಲ, ಒಂದು ಗರಿಯೂ ನಮ್ಮ ಹೊಸ್ತಿಲು ದಾಟಿಲ್ಲ.

ಮರಿ ಕೊಟ್ಟವರ ಹತ್ತಿರ ತಂದೆತಾಯಿಯ ಸೊಂಟದ ಎಕ್ಸ್‌ರೇ ರಿಪೋರ್ಟ್ ಮತ್ತು ಇಐಸಿ ಟೆಸ್ಟಿನ ಕಾಗದ ಕೇಳಿ. ಇಐಸಿ ಅಂದರೆ ಜೋರಾಗಿ ಓಡುವಾಗ ಹಿಂಗಾಲು ಸೋತು ಕುಸಿಯುವ, ಲ್ಯಾಬ್‌ಗಳಲ್ಲಿ ವಂಶದಿಂದ ಬರುವ ಕಾಯಿಲೆ. ಮನೆಯಲ್ಲಿ ಈರುಳ್ಳಿ, ಪಾಯಸದ ಒಣದ್ರಾಕ್ಷಿ ಎರಡನ್ನೂ ದೂರ ಇಡಿ, ನಾಯಿಗೆ ವಿಷ.

ನಿಮ್ಮ ಮರಿಗೆ ಈಗ 9 ವಾರ. ಜುಲೈ 4ಕ್ಕೆ ಎಷ್ಟು ದಿನ ಇದೆ ಅಂತ ಇವತ್ತೇ ನೋಡಿ. ಆ ಸಂಜೆ ಕತ್ತಲಾಗುವ ಮೊದಲೇ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ, ಕಿಟಕಿಗೆ ಕಂಬಳಿ ಕಟ್ಟಿ, ಟಿವಿ ಜೋರಾಗಿ ಹಾಕಿ, ಮೂಳೆ ಒಂದು ಕೊಟ್ಟು ನೀವೂ ಪಕ್ಕದಲ್ಲೇ ಕೂತಿರಿ. ಪಟಾಕಿ ನೋಡಲು ಮಕ್ಕಳನ್ನು ನಿಮ್ಮ ಮನೆಯವರು ಕರೆದುಕೊಂಡು ಹೋಗಲಿ.